ಒಂದೇ ಲೆಕ್ಕ, ಎರಡು ತಪ್ಪು: ತರಬೇತಿಯಲ್ಲಿ ಕಲಿತಿದ್ದನ್ನು ತರಗತಿಗೆ ತರುವುದು ಹೇಗೆ?

52ರಲ್ಲಿ 38 ಕಳೆಯಿರಿ ಎಂದು ಬೋರ್ಡಿನ ಮೇಲೆ ಬರೆದಿದ್ದೀರಿ. ಒಬ್ಬಳು 26 ಎಂದು ಬರೆದಳು, ಇನ್ನೊಬ್ಬ 24. ಸರಿಯುತ್ತರ 14. ಇಬ್ಬರ ಪುಸ್ತಕದಲ್ಲೂ ಅದೇ ಕೆಂಪು ಗುರುತು. ಆದರೆ ತಪ್ಪು ಒಂದೇ ಅಲ್ಲ. ಎರಡರಲ್ಲಿ ಎಂಟು ಹೋಗುವುದಿಲ್ಲ ಎಂದು ಅವಳು ಎಂಟರಲ್ಲೇ ಎರಡು ಕಳೆದಿದ್ದಾಳೆ. ಅವನು ದಶಕದಿಂದ ಸಾಲ ತಂದಿದ್ದಾನೆ, ತಂದ ಕಡೆ ಒಂದು ಕಮ್ಮಿ ಮಾಡುವುದನ್ನು ಮರೆತಿದ್ದಾನೆ. ಅವನಿಗೆ ನೆನಪಿಸಿದರೆ ಸಾಕು. ಅವಳಿಗೆ ಹತ್ತರ ಕಡ್ಡಿ ಕಟ್ಟು ಬಿಚ್ಚಿ ಮೊದಲಿಂದ ತೋರಿಸಬೇಕು.

ಈ ವ್ಯತ್ಯಾಸ ನೋಡಿ ನಾಳೆಯ ಪಾಠ ಬದಲಿಸುವುದೇ ರೂಪಣಾತ್ಮಕ ಮೌಲ್ಯಮಾಪನ. ನಮ್ಮ ಶಾಲೆಗಳಲ್ಲಿ ವರ್ಷಕ್ಕೆ 4 ಎಫ್‌ಎ (ಇದೇ ರೂಪಣಾತ್ಮಕ ಮೌಲ್ಯಮಾಪನ), 2 ಎಸ್‌ಎ (ಅವಧಿಯ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ) ಇರುವುದರಿಂದ ಅದು ಇನ್ನೊಂದು ಕಿರುಪರೀಕ್ಷೆ, ಇನ್ನೊಂದು ದಾಖಲೆ ಎಂಬ ಭಾವನೆ ಬಂದುಬಿಟ್ಟಿದೆ. ಇದರ ಬಗ್ಗೆ ಶಿಕ್ಷಕರಿಗೆ ಕೊಡುವ ತರಬೇತಿಯಲ್ಲೂ ನಮೂನೆ ತುಂಬುವುದಕ್ಕೇ ಜಾಸ್ತಿ ಹೊತ್ತು ಹೋದರೆ, ತರಗತಿಯಲ್ಲಿ ಏನೂ ಬದಲಾಗುವುದಿಲ್ಲ.

ಮೊದಲು ಪ್ರಶ್ನೆಯಿಂದ ಶುರು ಮಾಡಿ. "ಅರ್ಥ ಆಯ್ತಾ?" ಎಂದರೆ ಇಡೀ ತರಗತಿ "ಆಯ್ತು ಸಾರ್" ಎನ್ನುತ್ತದೆ. ಅದರಿಂದ ನಿಮಗೇನೂ ಗೊತ್ತಾಗುವುದಿಲ್ಲ, ಅಲ್ವಾ? ಬದಲಿಗೆ "0.5 ದೊಡ್ಡದೋ 0.25 ದೊಡ್ಡದೋ? ಯಾಕೆ?" ಎಂದು ಕೇಳಿ. "25 ದೊಡ್ಡದಲ್ವಾ, ಅದಕ್ಕೇ 0.25" ಎನ್ನುವ ಮಗು ತನ್ನ ಯೋಚನೆಯನ್ನೇ ನಿಮ್ಮ ಮುಂದಿಟ್ಟಿರುತ್ತದೆ. ಇಂಥ ಒಂದೆರಡು ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದಿಟ್ಟುಕೊಳ್ಳಿ. ಪಾಠದ ನಡುವೆ ಹೊಳೆಯುವುದು ಕಷ್ಟ.

ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಗಮನಿಸಿದ್ದು ಇದನ್ನೇ: ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುತ್ತಿರಲಿಲ್ಲ. ಮೂರು ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ಕೈ ಎತ್ತಿದವರನ್ನೇ ಕೇಳಬೇಡಿ. ಮುಂದಿನ ಬೆಂಚಿನ ನಾಲ್ವರ ಉತ್ತರ ಇಡೀ ತರಗತಿಯ ಉತ್ತರವಲ್ಲ. ಎಲ್ಲರೂ ಸ್ಲೇಟಿನಲ್ಲಿ ಬರೆದು ಒಟ್ಟಿಗೆ ಎತ್ತಿ ತೋರಿಸಲಿ.

ಮುಂದಿನದು ಚೀಟಿ. ಪಾಠದ ಕೊನೆಯ ಐದು ನಿಮಿಷದಲ್ಲಿ ಒಂದೇ ಒಂದು ಲೆಕ್ಕ ಕೊಡಿ, ಮಕ್ಕಳು ಚೀಟಿಯಲ್ಲಿ ಬಿಡಿಸಿ ಕೊಡಲಿ. ಅಂಕ ಹಾಕಬೇಡಿ. ಒಂದೇ ಥರ ತಪ್ಪಿದವರ ಚೀಟಿಗಳನ್ನು ಒಂದೊಂದು ಗುಡ್ಡೆ ಮಾಡಿ. ನಾಳೆ ಯಾರನ್ನು ಹತ್ತಿರ ಕೂರಿಸಿಕೊಳ್ಳಬೇಕು ಎಂದು ಗುಡ್ಡೆಗಳೇ ಹೇಳುತ್ತವೆ.

ಪುಸ್ತಕ ತಿದ್ದುವಾಗ ಅಂಕದ ಬದಲು ಒಂದು ಸಾಲು ಬರೆಯಿರಿ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದೆ ಬಂದರು. ಟಿಪ್ಪಣಿಯ ಜೊತೆ ಅಂಕವೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಮಕ್ಕಳ ಕಣ್ಣು ಮೊದಲು ಅಂಕದ ಮೇಲೇ ಬೀಳುತ್ತದಲ್ಲ! ದಾಖಲೆಗೆ ಅಂಕ ಬೇಕೇ ಬೇಕು, ಅದು ರಿಜಿಸ್ಟರಿನಲ್ಲಿರಲಿ. ಆದರೆ ಸುಮ್ನೆ "ಉತ್ತಮ" ಎಂದು ಬರೆದರೆ ಪ್ರಯೋಜನವಿಲ್ಲ. "ದಶಕದ ಮನೆ ಇನ್ನೊಮ್ಮೆ ನೋಡು" ಎಂದು ಬರೆಯಿರಿ, ತಿದ್ದಲು ತರಗತಿಯಲ್ಲೇ ಹತ್ತು ನಿಮಿಷ ಕೊಡಿ.

ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಲು ಹೋಗಬೇಡಿ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್, ಡಿಲನ್ ವಿಲಿಯಂ ಮತ್ತು ಅವರ ತಂಡ 1999ರಲ್ಲಿ ಆರು ಶಾಲೆಗಳ 24 ಶಿಕ್ಷಕರ ಜೊತೆ ಕೆಲಸ ಶುರುಮಾಡಿದಾಗ ಸಿದ್ಧ ಪಾಠ ಕೊಡಲಿಲ್ಲ. ಏನು ಬದಲಿಸಬೇಕೆಂದು ಶಿಕ್ಷಕರೇ ಆರಿಸಿಕೊಂಡರು, ಮಾಡಿ ನೋಡಿದರು, ಮತ್ತೆ ಸೇರಿ ಮಾತಾಡಿದರು. ಎರಡು ದಿನದ ತರಬೇತಿಗಿಂತ ಹೀಗೆ ಮತ್ತೆ ಮತ್ತೆ ಸೇರುವುದರಲ್ಲೇ ಹೆಚ್ಚು ಬಲವಿದೆ ಎಂದು ನಾನು ನಂಬಿದ್ದೇನೆ.

ನಮಗೂ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಗಳಿವೆ. ಮುಂದಿನ ಸಭೆಗೆ ತಪ್ಪು ಉತ್ತರದ ಐದು ಚೀಟಿಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಪಕ್ಕದ ಶಾಲೆಯ ಟೀಚರ್ ಮುಂದಿಟ್ಟು, "ಈ ಮಗು ಏನು ಯೋಚಿಸಿರಬಹುದು ಹೇಳಿ ಮೇಡಂ" ಎಂದು ಕೇಳಿ.