ಒಂದು ಗೇಣು ನೀರಿನಷ್ಟು ಒತ್ತಡ: ಬಾಯ್ಲರ್‌ಗೆ ಗ್ಯಾಸ್ ಸಾಲದಿದ್ದರೆ ಏನು ಮಾಡಬೇಕು?

ಇಂಗ್ಲೆಂಡಿನಲ್ಲಿ ನಾವು ಮನೆ ಕೊಂಡ ಮೊದಲ ಚಳಿಗಾಲ. ಬೆಳಿಗ್ಗೆ ಏಳು ಗಂಟೆ, ಹೊರಗೆ ಇನ್ನೂ ಕತ್ತಲೆ. ಮಗಳು ಸ್ನಾನಕ್ಕೆ ಹೋಗಿದ್ದಳು. ನಾನು ಅವಲಕ್ಕಿಗೆ ಒಗ್ಗರಣೆ ಇಡುತ್ತಿದ್ದೆ. ಬಾಯ್ಲರ್ ಹೊತ್ತಿಕೊಂಡ ಸದ್ದು ಕೇಳಿಸಿತು. ಅದೇ ಕ್ಷಣಕ್ಕೆ ಒಲೆಯ ಉರಿ ಸಣ್ಣಗಾಯಿತು, ಯಾರೋ ನಾಬ್ ತಿರುಗಿಸಿದ ಹಾಗೆ. ಮಹಡಿಯಿಂದ ಕೂಗು: "ಅಮ್ಮಾ, ನೀರು ತಣ್ಣಗಾಯ್ತು!"

ರಿಪೇರಿಗೆ ಬಂದವರು ಬಾಯ್ಲರ್‌ನ ಒಂದು ಬಿಡಿಭಾಗ ಬದಲಿಸಿ, ದುಡ್ಡು ತೆಗೆದುಕೊಂಡು ಹೋದರು. ಮಾರನೇ ದಿನ ಮತ್ತೆ ಅದೇ ಕಥೆ. ಆಮೇಲೆ ಗೊತ್ತಾಯಿತು, ಬಾಯ್ಲರ್‌ನಲ್ಲಿ ಏನೂ ದೋಷ ಇರಲಿಲ್ಲ. ಅದಕ್ಕೆ ಬರುವ ಗ್ಯಾಸೇ ಸಾಲುತ್ತಿರಲಿಲ್ಲ. ಇಲ್ಲಿ ಮನೆ ಮಾಡಿರುವ ನಮ್ಮವರು ಹಾಗೆ ದುಡ್ಡು ಕಳೆದುಕೊಳ್ಳಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮುಖ್ಯವಾದದ್ದು ಮೊದಲು. ಗ್ಯಾಸ್ ವಾಸನೆ ಬರುತ್ತಿದ್ದರೆ ಮುಂದಿನ ಯಾವ ಹೆಜ್ಜೆಯೂ ಬೇಡ. ಮೀಟರ್ ಪಕ್ಕದ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ. ಲೈಟಿನ ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರಕ್ಕೂ ಇದೇ ನಂಬರ್, ದಿನದ 24 ಗಂಟೆಯೂ ಇರುತ್ತದೆ. ಒಲೆಯ ಉರಿ ನೀಲಿ ಬಿಟ್ಟು ಹಳದಿಯಾಗಿದ್ದರೆ, ಮನೆಯಲ್ಲಿ ಎಲ್ಲರಿಗೂ ಸುಮ್ನೆ ಸುಮ್ನೆ ತಲೆನೋವು ಬರುತ್ತಿದ್ದರೆ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೆ ಆಗಲೂ ಹೀಗೇ ಮಾಡಿ.

ಯಾವ ಒತ್ತಡದ ಮಾತು ಇದು?

ಬಾಯ್ಲರ್ ಮುಂದೆ ಒಂದು ಪುಟ್ಟ ಮುಳ್ಳಿನ ಗೇಜ್ ಇರುತ್ತದೆ ಅಲ್ವಾ, 1ರಿಂದ 1.5 ಬಾರ್ ತೋರಿಸುವಂಥದ್ದು? ಅದು ಗ್ಯಾಸಿನದಲ್ಲ. ರೇಡಿಯೇಟರ್‌ಗಳಲ್ಲಿ ಓಡಾಡುವ ನೀರಿನದು. ಅದನ್ನು ನೋಡಿ "ಪ್ರೆಷರ್ ಸರಿಯಾಗೇ ಇದೆ" ಅಂದುಕೊಳ್ಳುವವರು ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ.

ಗ್ಯಾಸಿನ ಒತ್ತಡ ತುಂಬಾ ಕಡಿಮೆ. ಮೀಟರ್ ಹತ್ತಿರ ದುಂಡನೆಯ ಒಂದು ರೆಗ್ಯುಲೇಟರ್ ಇರುತ್ತದೆ, ಸೀಲ್ ಹಾಕಿರುತ್ತಾರೆ. ಗ್ಯಾಸ್ ಉರಿಯುತ್ತಿರುವಾಗ ಮೀಟರಿನಿಂದ ಹೊರಬರುವ ಒತ್ತಡ 21 ಮಿಲಿಬಾರ್ ಇರಬೇಕು. 2 ಆಚೀಚೆ ಆದರೆ ಪರವಾಗಿಲ್ಲ, ಅಂದರೆ 19ರಿಂದ 23. ನೀರಿನ ಲೆಕ್ಕದಲ್ಲಿ ಒಂದು ಮಿಲಿಬಾರ್ ಅಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಹಾಗಾಗಿ ಇಡೀ ಮನೆಯನ್ನು ಬೆಚ್ಚಗಿಡುವ ಗ್ಯಾಸಿನ ಒತ್ತಡ ಸುಮಾರು ಒಂದು ಗೇಣು ನೀರಿನಷ್ಟು, ಅಷ್ಟೇ. ಅದರಲ್ಲಿ ನಾಲ್ಕು ಬೆರಳಷ್ಟು ಕಮ್ಮಿಯಾದರೂ ಬಾಯ್ಲರ್‌ಗೆ ಗೊತ್ತಾಗುತ್ತದೆ.

ಊರಿನ ಮನೆಯ ಮೇಲಿನ ಟ್ಯಾಂಕ್ ನೆನಪಿಸಿಕೊಳ್ಳಿ. ಎಲ್ಲ ನಲ್ಲಿ ಮುಚ್ಚಿದ್ದಾಗ ಪೈಪಿನಲ್ಲಿ ಒತ್ತಡ ಚೆನ್ನಾಗೇ ಇರುತ್ತದೆ. ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ನಲ್ಲಿ ಬಿಟ್ಟರೆ ಬಚ್ಚಲಿನ ಶವರ್ ಸೊರಗುತ್ತದೆ. ಗ್ಯಾಸಿಗೂ ಹಾಗೇ. ಏನೂ ಉರಿಯದಿದ್ದಾಗ ಇರುವುದು ಸ್ಟ್ಯಾಂಡಿಂಗ್ ಪ್ರೆಷರ್. ಬಾಯ್ಲರ್, ಒಲೆ ಎಲ್ಲ ಜೋರಾಗಿ ಉರಿಯುವಾಗ ಉಳಿಯುವುದು ವರ್ಕಿಂಗ್ ಪ್ರೆಷರ್. ನಮಗೆ ಬೇಕಾದದ್ದು ಎರಡನೆಯದು.

ನೀವೇ ನೋಡಬಹುದಾದದ್ದು

ಮೀಟರಿಗೆ ಬರುವ ಪೈಪಿನ ಮೇಲೆ ವಾಲ್ವಿನ ಹಿಡಿ ಇರುತ್ತದೆ. ಪೈಪಿನ ಉದ್ದಕ್ಕೇ ಇದ್ದರೆ ಪೂರ್ತಿ ತೆರೆದಿದೆ ಅಂತ ಅರ್ಥ. ಓರೆಯಾಗಿದ್ದರೆ ಅರ್ಧ ಮುಚ್ಚಿದೆ. ಮೀಟರ್ ಬದಲಿಸಿ ಹೋದ ಮೇಲೆ ಹೀಗಾಗಿರಬಹುದು. ಪೂರ್ತಿ ಅಡ್ಡ ಇದ್ದರೆ ಮಾತ್ರ ನೀವಾಗಿ ತೆರೆಯಬೇಡಿ, ಯಾರೋ ಕಾರಣ ಇಟ್ಟುಕೊಂಡೇ ಮುಚ್ಚಿರಬಹುದು.

ಆಮೇಲೆ ಒಲೆಯ ಒಂದು ಬರ್ನರ್ ಹಚ್ಚಿ, ಮನೆಯವರಿಗೆ ಬಿಸಿನೀರಿನ ನಲ್ಲಿ ತಿರುಗಿಸಲು ಹೇಳಿ. ಉರಿ ಕುಗ್ಗುತ್ತದೆಯೇ ನೋಡಿ. ಕುಗ್ಗಿದರೆ ಒಳ್ಳೆಯ ಸುಳಿವು. ಅಕ್ಕಪಕ್ಕದವರನ್ನೂ ಕೇಳಿ. ಅವರ ಮನೆಯಲ್ಲೂ ಹೀಗೇ ಆಗುತ್ತಿದ್ದರೆ ತೊಂದರೆ ರಸ್ತೆಯ ಪೈಪಿನಲ್ಲಿರಬಹುದು.

ಮೂರನೆಯದಕ್ಕೆ ಸ್ವಲ್ಪ ಲೆಕ್ಕ ಬೇಕು, ಆದರೆ ತುಂಬಾ ಉಪಯೋಗದ್ದು. ಇದನ್ನು ಗ್ಯಾಸ್ ರೇಟ್ ನೋಡುವುದು ಅನ್ನುತ್ತಾರೆ. ಒಲೆ, ಓವನ್ ಎಲ್ಲ ಆರಿಸಿ. ಬಾತ್‌ಟಬ್‌ನ ಬಿಸಿನೀರಿನ ನಲ್ಲಿ ಪೂರ್ತಿ ಬಿಡಿ. ಸಣ್ಣ ಧಾರೆ ಸಾಲದು, ಆಗ ಬಾಯ್ಲರ್ ತಾನೇ ಉರಿ ತಗ್ಗಿಸಿಕೊಳ್ಳುತ್ತದೆ. ಒಂದೆರಡು ನಿಮಿಷ ಬಿಟ್ಟು ಮೀಟರ್ ರೀಡಿಂಗ್ ಬರೆದುಕೊಳ್ಳಿ, ದಶಮಾಂಶದ ಮೂರೂ ಅಂಕಿ ಸೇರಿಸಿ. ಸರಿಯಾಗಿ 2 ನಿಮಿಷದ ನಂತರ ಮತ್ತೆ ಬರೆಯಿರಿ. ವ್ಯತ್ಯಾಸ 0.090 ಘನ ಮೀಟರ್ ಅಂದುಕೊಳ್ಳಿ. 30ರಿಂದ ಗುಣಿಸಿದರೆ ಗಂಟೆಗೆ 2.7 ಘನ ಮೀಟರ್. ಬಾಯ್ಲರ್‌ನ ಮ್ಯಾನ್ಯುಯಲ್‌ನಲ್ಲಿ ಗರಿಷ್ಠ ಗ್ಯಾಸ್ ಎಷ್ಟು ಅಂತ ಬರೆದಿರುತ್ತದೆ, ಅದರ ಜೊತೆ ಹೋಲಿಸಿ. ತುಂಬಾ ಕಮ್ಮಿ ಬಂದರೆ ಎಂಜಿನಿಯರ್‌ಗೆ ಹೇಳಲು ನಿಮ್ಮ ಕೈಯಲ್ಲಿ ಒಂದು ಅಂಕಿ ಇರುತ್ತದೆ. ಹಳೇ ಮೀಟರುಗಳು ಘನ ಅಡಿಯಲ್ಲಿ ಇರುತ್ತವೆ. ಒಂದು ಘನ ಅಡಿ ಅಂದರೆ 0.0283 ಘನ ಮೀಟರ್.

ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಬಾಯ್ಲರ್ ಮುಚ್ಚಳ ತೆಗೆಯಬೇಡಿ, ರೆಗ್ಯುಲೇಟರ್ ಮುಟ್ಟಬೇಡಿ. ಊರಿನಲ್ಲಿ ಸಿಲಿಂಡರ್ ನಾವೇ ಬದಲಿಸುತ್ತಿದ್ದೆವು, ನಿಜ. ಇದು ಆ ಥರ ಅಲ್ಲ.

ಎಂಜಿನಿಯರ್ ಬಂದಾಗ

ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ, ಅಂದರೆ ಗ್ಯಾಸ್ ಕೆಲಸ ಮಾಡಲು ಅನುಮತಿ ಇರುವವರ ಅಧಿಕೃತ ಪಟ್ಟಿಯಲ್ಲಿ, ಹೆಸರಿರುವವರನ್ನೇ ಕರೆಯಿರಿ. ಬಂದವರ ಕಾರ್ಡ್ ಕೇಳಿ ನೋಡಿ, ಹಿಂಬದಿಯಲ್ಲಿ ಅವರು ಯಾವ ಯಾವ ಕೆಲಸ ಮಾಡಬಹುದು ಅಂತ ಇರುತ್ತದೆ. ಕೇಳಲು ಸಂಕೋಚ ಬೇಡ, ಅವರಿಗೆ ಅದು ರೂಢಿ. ಫೋನಿನಲ್ಲೇ ಒಂದು ಪ್ರಶ್ನೆ ಕೇಳಿಬಿಡಿ: "ಮೀಟರ್ ಹತ್ತಿರ ಮತ್ತು ಬಾಯ್ಲರ್ ಹತ್ತಿರ, ಎರಡೂ ಕಡೆ ವರ್ಕಿಂಗ್ ಪ್ರೆಷರ್ ನೋಡ್ತೀರಾ?"

ನಮ್ಮ ಮನೆಗೆ ಎರಡನೇ ಸಲ ಬಂದವರು ವಯಸ್ಸಾದವರು. ಚೀಲದಿಂದ ಒಂದು ಪಾರದರ್ಶಕ ಯು ಆಕಾರದ ಕೊಳವೆ ತೆಗೆದರು, ಒಳಗೆ ನೀರು. ಮೆಟ್ಟಿಲ ಕೆಳಗಿನ ಮೀಟರಿಗೆ ರಬ್ಬರ್ ಟ್ಯೂಬ್ ಸಿಕ್ಕಿಸಿದರು. ನೀರು ಒಂದು ಕಡೆ ಕೆಳಗಿಳಿದು ಇನ್ನೊಂದು ಕಡೆ ಏರಿತು. ನಡುವಿನ ಅಂತರ 23. ನಂತರ ಬಾಯ್ಲರನ್ನು ಪೂರ್ತಿ ಉರಿಯಲ್ಲಿಟ್ಟು, ಒಲೆಯ ನಾಲ್ಕೂ ಬರ್ನರ್ ಹಚ್ಚಲು ನನಗೆ ಹೇಳಿದರು. ನೀರು ಸ್ವಲ್ಪ ನಡುಗಿ 20.5ಕ್ಕೆ ನಿಂತಿತು. ಮೀಟರ್ ಸರಿಯಿದೆ. ಅದೇ ಕೊಳವೆಯನ್ನು ಬಾಯ್ಲರ್‌ಗೆ ಸಿಕ್ಕಿಸಿದರು. "ಬನ್ನಿ, ನೀವೇ ನೋಡಿ" ಅಂದರು. ಬಾಯ್ಲರ್ ಹೊತ್ತಿದ್ದೇ ತಡ, ನೀರು ಸರಸರ ಇಳಿದು 14ಕ್ಕೆ ಬಂತು.

ಮೀಟರಿನಿಂದ ಬಾಯ್ಲರ್‌ಗೆ ಬರುವ ಪೈಪಿನಲ್ಲಿ 1 ಮಿಲಿಬಾರ್‌ಗಿಂತ ಜಾಸ್ತಿ ಕಳೆದುಹೋಗಬಾರದು. ನಮ್ಮಲ್ಲಿ ಆರೂವರೆ ಹೋಗುತ್ತಿತ್ತು. ಹಲಗೆ ನೆಲ ಎತ್ತಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಮೀಟರಿನಿಂದ 22 ಮಿಲಿಮೀಟರ್ ತಾಮ್ರದ ಪೈಪ್ ಬಂದು, ಅಡುಗೆಮನೆಯ ಕೆಳಗೆ 15ಕ್ಕೆ ಸಣ್ಣಗಾಗಿತ್ತು. ಅದರ ಮೇಲೆ ಐದು ಎಲ್ಬೋ, ಅಂದರೆ ಪೈಪ್ ತಿರುಗುವ ಮೂಲೆ ಜೋಡಣೆ ಬೇರೆ. ಗ್ಯಾಸಿಗೆ ಒಡ್ಡುವ ತಡೆಯಲ್ಲಿ ಒಂದೊಂದು ಎಲ್ಬೋ ಅರ್ಧ ಮೀಟರ್ ಪೈಪಿಗೆ ಸಮ. ಹಿಂದೆ ಇದ್ದ ಚಿಕ್ಕ ಬಾಯ್ಲರ್‌ಗೆ ಆ ಪೈಪ್ ಸಾಕಾಗಿತ್ತು. ಅದನ್ನು ತೆಗೆದು ದೊಡ್ಡ ಕಾಂಬಿ ಬಾಯ್ಲರ್ (ಮನೆಯನ್ನೂ ಬೆಚ್ಚಗಿಟ್ಟು, ನಲ್ಲಿ ತಿರುಗಿಸಿದಾಗ ನೀರನ್ನೂ ಕಾಯಿಸುವಂಥದ್ದು) ಹಾಕಿದವರು ಪೈಪ್ ಬದಲಿಸಿರಲಿಲ್ಲ.

ಖರ್ಚು ಯಾರದ್ದು ಅಂತ ಹೇಳುವುದೂ ಈ ಎರಡು ಅಂಕಿಗಳೇ. ಮೀಟರ್ ಹತ್ತಿರವೇ 19ಕ್ಕಿಂತ ಕಮ್ಮಿ ಇದ್ದರೆ ತೊಂದರೆ ರೆಗ್ಯುಲೇಟರ್‌ನಲ್ಲೋ ರಸ್ತೆಯ ಪೈಪಿನಲ್ಲೋ ಇದೆ. ಸರಿಪಡಿಸುವುದು ನಿಮ್ಮ ಜವಾಬ್ದಾರಿ ಅಲ್ಲ, ಎಂಜಿನಿಯರ್ ಅಲ್ಲಿಂದಲೇ ತುರ್ತು ನಂಬರಿಗೆ ತಿಳಿಸುತ್ತಾರೆ. ಮೀಟರಿನಲ್ಲಿ ಸರಿಯಿದ್ದು ಬಾಯ್ಲರ್ ಹತ್ತಿರ ಬಿದ್ದರೆ ಪೈಪ್ ಮನೆಯವರದ್ದು. ಎರಡೂ ಕಡೆ ಸರಿಯಿದ್ದರೆ ಆಗ ಬಾಯ್ಲರ್ ಬಿಚ್ಚಲಿ, ಅದಕ್ಕೆ ಮೊದಲು ಬೇಡ. ಬಾಡಿಗೆ ಮನೆಯಾದರೆ ನೀವು ದುಡ್ಡು ಕೊಡುವ ಪ್ರಶ್ನೆಯೇ ಇಲ್ಲ. ಇಂಗ್ಲೆಂಡಿನಲ್ಲಿ 1985ರ ಬಾಡಿಗೆ ಕಾಯ್ದೆಯ (ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್) ಪ್ರಕಾರ ಗ್ಯಾಸ್ ಪೈಪ್, ಬಿಸಿನೀರಿನ ವ್ಯವಸ್ಥೆ ಸರಿಯಾಗಿಡುವುದು ಮನೆ ಮಾಲೀಕರ ಕೆಲಸ. ಪತ್ರ ಬರೆಯುವಾಗ ಎರಡೂ ಅಂಕಿ ಸೇರಿಸಿ.

ಪೈಪ್ ಬದಲಾದ ಮೇಲೆ ಎಲ್ಲವನ್ನೂ ಉರಿಸಿ ಮತ್ತೆ ಅಳೆಯಲು ಹೇಳಿ. ಬಾಯ್ಲರ್ ಮ್ಯಾನ್ಯುಯಲ್‌ನ ಕೊನೆಯಲ್ಲಿ ಬೆಂಚ್‌ಮಾರ್ಕ್ ಅನ್ನುವ ಪುಟ ಇರುತ್ತದೆ. ಹೊಸ ಬಾಯ್ಲರ್ ಕೂರಿಸಿದವರು ಗ್ಯಾಸಿನ ಒತ್ತಡವನ್ನು ಅಲ್ಲಿ ಬರೆಯಬೇಕು. ನಮ್ಮದನ್ನು ತೆಗೆದು ನೋಡಿದಾಗ ಆ ಚೌಕ ಖಾಲಿ ಇತ್ತು. ಆ ಹಿರಿಯರು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ ತೆಗೆದು, ಅದರ ಪಕ್ಕದಲ್ಲಿ ಅವತ್ತಿನ ತಾರೀಖು ಹಾಕಿ 19.6 ಅಂತ ಬರೆದರು.