ತೀವ್ರ ಕೋವಿಡ್‌ನಿಂದ ಎದ್ದವರ ಜೊತೆ ಒಂದು ವರ್ಷ: ಫಿಸಿಯೋಥೆರಪಿಯಲ್ಲಿ ನಮ್ಮ ಅನುಭವ

ಕೂತಲ್ಲಿ ಆಕ್ಸಿಮೀಟರ್ 97 ತೋರಿಸುತ್ತದೆ. ಸ್ನಾನ ಮುಗಿಸಿ ಬಂದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲಬೇಕಾಗುತ್ತದೆ. 2021ರ ಎರಡನೇ ಅಲೆಯ ನಂತರ ಐಸಿಯುನಿಂದ ಮನೆಗೆ ಮರಳಿದವರಿಗೆ ಪುನಶ್ಚೇತನ ಚಿಕಿತ್ಸೆ ಕೊಡತೊಡಗಿದಾಗ, ವಿಶ್ರಾಂತಿಯಲ್ಲಿ ಸಿಗುವ ಆ ಒಂದೇ ಅಂಕಿಯನ್ನು ನಂಬುವುದನ್ನು ನಾವು ಮೊದಲು ಬಿಟ್ಟೆವು. ಪ್ರತಿಯೊಬ್ಬರಿಗೂ ಮೂರು ಹೊತ್ತಿನ ಸ್ಥಿತಿ ಬರೆದುಕೊಂಡೆವು: ಕೂತಾಗ, ಶ್ರಮಪಟ್ಟ ಕೂಡಲೇ, ಮತ್ತು ಮರುದಿನ. ಮೂರನೆಯದನ್ನು ಕೇಳದೆ ವ್ಯಾಯಾಮ ಬರೆದುಕೊಟ್ಟರೆ ಕೆಲವರ ಆರೋಗ್ಯವನ್ನು ನಾವೇ ಕೆಡಿಸಿದಂತಾಗುತ್ತದೆ.

ಶ್ರಮದ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಸುಮಾರು 46 ಸೆಂ.ಮೀ. ಎತ್ತರದ, ಕೈಗಳಿಲ್ಲದ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಬೇಕು. ಕೈಕಟ್ಟಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರಲು ಆಗುತ್ತದೆಂದು ಎಣಿಸಬೇಕು. ಆಕ್ಸಿಮೀಟರನ್ನು ಬೆರಳಿನಿಂದ ತೆಗೆಯಲು ಅವಸರಪಡಬಾರದು. ಎಷ್ಟೋ ಸಲ ಅತಿ ಕಡಿಮೆ ಅಂಕಿ ಕಾಣುವುದು ಕೂತ ಮೇಲಿನ ಮೊದಲ ನಿಮಿಷದಲ್ಲಿ. ಆಮ್ಲಜನಕ 4 ಅಂಕ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ, ಇಲ್ಲವೇ 88ಕ್ಕೆ ಬಂದರೆ, ಅಂದು ವ್ಯಾಯಾಮ ಕೊಡದೆ ಶ್ವಾಸಕೋಶ ತಜ್ಞರ ಬಳಿ ಕಳಿಸುತ್ತಿದ್ದೆವು. ಮೆಹಂದಿ, ಉಗುರುಬಣ್ಣ, ತಣ್ಣಗಿನ ಬೆರಳು, ನಡುಗುವ ಕೈ ಇವೆಲ್ಲ ಅಂಕಿಯನ್ನು ಕೆಡಿಸುತ್ತವೆ. ಕಪ್ಪು ಮೈಬಣ್ಣದವರಲ್ಲಿ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆಯಿದೆ. ಹಾಗಾಗಿ ಒಂಟಿ ಅಂಕಿಗಿಂತ ಎಷ್ಟು ಇಳಿಯಿತು ಎನ್ನುವುದಕ್ಕೆ ಬೆಲೆ ಕೊಟ್ಟೆವು.

ಆರು ನಿಮಿಷ ನಡೆಸುವ ಪರೀಕ್ಷೆಗೆ 30 ಮೀಟರ್ ನೇರ ಕಾರಿಡಾರ್ ಬೇಕು. ಚಿಕ್ಕ ಜಾಗದಲ್ಲಿ ಮತ್ತೆ ಮತ್ತೆ ತಿರುಗಬೇಕಾಗಿ ದೂರ ಕಡಿಮೆ ಬರುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಪ್ರತಿ ಸಲವೂ ಅದೇ ಜಾಗದಲ್ಲೇ ನಡೆಸಿ. ಎರಡು ಭೇಟಿಗಳ ನಡುವೆ 30 ಮೀಟರ್ ಹೆಚ್ಚಾದರೆ ಅದು ನಿಜವಾದ ಚೇತರಿಕೆ; 10 ಮೀಟರ್ ಹೆಚ್ಚಾಯಿತೆಂದು ಹಿಗ್ಗುವಂತಿಲ್ಲ.

ಜೀವನ ಗುಣಮಟ್ಟ ಅಳೆಯಲು ಇಕ್ಯೂ-5ಡಿ ಎಂಬ ಪ್ರಶ್ನಾವಳಿಯಿದೆ. ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ ಎಂಬ ಐದು ವಿಷಯಗಳು, ಜೊತೆಗೆ ತಮ್ಮ ಆರೋಗ್ಯಕ್ಕೆ 0ರಿಂದ 100ರೊಳಗೆ ತಾವೇ ಕೊಡುವ ಅಂಕ. ಆದರೆ ‘ದಿನದ ಕೆಲಸ ಮಾಡಿಕೊಳ್ತೀರಾ?’ ಎಂದರೆ ಮನೆಯವರೆದುರು ಎಲ್ಲರೂ ‘ಹ್ಞೂಂ’ ಎನ್ನುತ್ತಾರೆ. ಅದಕ್ಕೇ ಬಿಡಿಬಿಡಿಯಾಗಿ ಕೇಳಿದೆವು. ಕುಕ್ಕರಗಾಲಲ್ಲಿ ಕೂತು ಕಕ್ಕಸು ಮುಗಿಸಿ ಗೋಡೆ ಹಿಡಿಯದೆ ಏಳಲು ಆಗುತ್ತದೆಯೇ? ತುಂಬಿದ ಬಿಂದಿಗೆ ಎತ್ತಲು? ಬಸ್ಸಿನ ಮೊದಲ ಮೆಟ್ಟಿಲು ಹತ್ತಲು? ಊಟಕ್ಕೆ ನೆಲದ ಮೇಲೆ ಕೂತರೆ ಎಬ್ಬಿಸಲು ಯಾರಾದರೂ ಬರಬೇಕೇ? ಆರು ವಾರ, 3 ತಿಂಗಳು, 6 ತಿಂಗಳು, 12 ತಿಂಗಳಿಗೆ ಇವೇ ಪ್ರಶ್ನೆಗಳು. ಸೋಂಕು ತಗುಲಿ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಕಾಣಿಸುವ, ಕನಿಷ್ಠ ಎರಡು ತಿಂಗಳು ಇರುವ, ಬೇರೆ ಕಾರಣ ಸಿಗದ ತೊಂದರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೋವಿಡ್ ನಂತರದ ಸ್ಥಿತಿ ಎಂದು ಗುರುತಿಸಿತು. ಇದೆಲ್ಲ ಮನಸ್ಸಿನ ಭ್ರಮೆ ಎನ್ನುವ ಬಂಧುಗಳಿಗೆ ವುಹಾನ್‌ನ ಅಧ್ಯಯನದ ವಿಷಯ ಹೇಳುತ್ತಿದ್ದೆವು: ಆಸ್ಪತ್ರೆಯಿಂದ ಬಿಡುಗಡೆಯಾದ 1,733 ಜನರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿಗೆ ಆರು ತಿಂಗಳ ನಂತರವೂ ಒಂದಲ್ಲ ಒಂದು ತೊಂದರೆ ಉಳಿದಿತ್ತು. ಸುಸ್ತು ಅಥವಾ ಸ್ನಾಯುಗಳ ನಿಶ್ಶಕ್ತಿ ಇದ್ದವರೇ ಅರ್ಧಕ್ಕಿಂತ ಹೆಚ್ಚು.

ಶ್ವಾಸಕೋಶದ ಮೇಲೆ ಎಲ್ಲರಿಗೂ ಕಣ್ಣು. ತೊಡೆಯ ಮೇಲೆ ಯಾರಿಗೂ ಇಲ್ಲ. ತೀವ್ರ ಕಾಯಿಲೆಯಲ್ಲಿ ಐಸಿಯುನಲ್ಲಿ ಮಲಗಿದ ಹತ್ತೇ ದಿನಕ್ಕೆ ತೊಡೆಯ ಮುಂಭಾಗದ ಸ್ನಾಯುವಿನ ಗಾತ್ರ ಸುಮಾರು 18% ಕರಗಬಲ್ಲದು ಎಂದು 2013ರಲ್ಲೇ ಅಳೆದು ತೋರಿಸಿದ್ದಾರೆ. ಇದರ ಮೇಲೆ ಸ್ನಾಯುವನ್ನು ಇನ್ನಷ್ಟು ಸೊರಗಿಸುವ ಸ್ಟೀರಾಯ್ಡ್ ಔಷಧಿ ಬೇರೆ. ನಿತ್ರಾಣವಾದ ಕಾಲು ಅದೇ ದೂರಕ್ಕೆ ಹೆಚ್ಚು ಉಸಿರು ಬೇಡುತ್ತದೆ. ರೋಗಿಗೆ ಅದು ದಮ್ಮಾಗಿಯೇ ಅನುಭವಕ್ಕೆ ಬರುತ್ತದೆ. ಕುರ್ಚಿಯ ಮೇಲೆ ಮಡಿಸಿದ ಕಂಬಳಿಗಳನ್ನು ಪೇರಿಸಿ 55 ಸೆಂ.ಮೀ. ಎತ್ತರ ಮಾಡಿ, ಐದೈದರಂತೆ ಮೂರು ಸಲ ಎದ್ದು ಕೂರಿಸುವುದರಿಂದ ಶುರುಮಾಡಿದೆವು. ನಡುವೆ ಎರಡು ನಿಮಿಷ ವಿರಾಮ. ಇದು ಹಗುರವೆನಿಸಿದ ಮೇಲೆ ಒಂದೊಂದೇ ಕಂಬಳಿ ತೆಗೆಯುವುದು, ಆಮೇಲೆ ಕುರ್ಚಿಯಿಂದ ಮಣೆಗೆ, ಮಣೆಯಿಂದ ನೆಲಕ್ಕೆ. ನೆಲದಿಂದ ಏಳುವುದನ್ನು ಬೇರೆಯಾಗಿಯೇ ಕಲಿಸಬೇಕು: ಮೊದಲು ಪಕ್ಕಕ್ಕೆ ತಿರುಗಿ ಅಂಬೆಗಾಲಿಗೆ ಬರುವುದು, ಒಂದು ಪಾದ ಮುಂದಿಡುವುದು, ಎದುರಿನ ಸ್ಟೂಲಿಗೆ ಕೈಯೂರಿ ಉಸಿರು ಬಿಡುತ್ತಾ ಏಳುವುದು. ಉಸಿರು ಬಿಗಿಹಿಡಿದು ಎದ್ದರೆ ತಲೆಸುತ್ತು ಬರುತ್ತದೆ.

ಊಟ ಸರಿಯಿಲ್ಲದೆ ಈ ವ್ಯಾಯಾಮ ಫಲ ಕೊಡದು. 60 ಕೆ.ಜಿ. ತೂಕದವರಿಗೆ ದಿನಕ್ಕೆ 72ರಿಂದ 90 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಂಡೆವು. ಮೂತ್ರಪಿಂಡದ ಕಾಯಿಲೆಯಿದ್ದರೆ ವೈದ್ಯರು ಹೇಳಿದಷ್ಟೇ. ಮುದ್ದೆಯಿಂದ ಶಕ್ತಿ ಬರುತ್ತದೆಂಬ ನಂಬಿಕೆ ಗಟ್ಟಿ, ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿರುವುದು ಸುಮಾರು 7 ಗ್ರಾಂ ಪ್ರೋಟೀನ್. ಹುರುಳಿ ಬೇಯಿಸಿ ಕಟ್ಟು ಮಾತ್ರ ರೋಗಿಗೆ ಬಡಿಸಿ ಕಾಳನ್ನು ಬೇರೆಯವರು ತಿನ್ನುವ ಮನೆಗಳಿವೆ. ಪ್ರೋಟೀನ್ ಹೆಚ್ಚಿರುವುದು ಕಾಳಿನಲ್ಲಿ. 50 ಗ್ರಾಂ ಒಣ ಹುರುಳಿಗೆ ಸುಮಾರು 11 ಗ್ರಾಂ, ಎರಡು ಮೊಟ್ಟೆಗೆ 12, ಅರ್ಧ ಲೀಟರ್ ಹಾಲು ಅಥವಾ ಮೊಸರಿಗೆ 16 ಎಂದು ಲೆಕ್ಕ ಹಾಕಿ ಮೂರು ಹೊತ್ತಿಗೂ ಹಂಚಿಕೊಟ್ಟೆವು.

ಉಸಿರೆಳೆದು ಚೆಂಡುಗಳನ್ನು ಮೇಲೇರಿಸುವ ಮೂರು ಚೆಂಡಿನ ಸ್ಪೈರೋಮೀಟರ್ ಆಗ ಮನೆಮನೆಗೂ ಬಂದಿತ್ತು. ಅದರ ಮೇಲಿರುವ 600, 900, 1200 ಎಂಬ ಅಂಕಿಗಳು ಶ್ವಾಸಕೋಶದ ಸಾಮರ್ಥ್ಯವನ್ನು ಹೇಳುವುದಿಲ್ಲ. ಸೆಕೆಂಡಿಗೆ ಎಷ್ಟು ಮಿ.ಲೀ. ವೇಗದಲ್ಲಿ ಗಾಳಿ ಎಳೆದಿರಿ ಎಂಬುದನ್ನು ಹೇಳುತ್ತವೆ. ಗಬಕ್ಕನೆ ಎಳೆದು ಮೂರನೇ ಚೆಂಡು ಹಾರಿಸುವುದಕ್ಕಿಂತ ಮೊದಲ ಚೆಂಡನ್ನು ಮೂರು ಸೆಕೆಂಡು ಮೇಲೆ ನಿಲ್ಲಿಸುವುದು ಒಳ್ಳೆಯದು. ಕೊಳವೆಯೊಳಗೆ ಊದುವವರೂ ಇದ್ದರು, ಆದ್ದರಿಂದ ಬಾಯಲ್ಲಿ ಹೇಳಿ ಬಿಡದೆ ಮಾಡಿಸಿ ನೋಡಬೇಕು. ಕಪಾಲಭಾತಿ, ಭಸ್ತ್ರಿಕಾಗಳನ್ನು ನಾವು ಮೊದಲ ತಿಂಗಳುಗಳಲ್ಲಿ ಬೇಡವೆಂದೆವು. ಮೊದಲೇ ಮೇಲುಸಿರು ಬಿಡುವವರಿಗೆ ಅವು ತಲೆಸುತ್ತು, ಬೆರಳು ಜೋಮು ತರುತ್ತವೆ. ಮೂಗಿನಿಂದ ಎಳೆದು, ತುಟಿ ಕಿರಿದು ಮಾಡಿ ಎರಡು ಪಟ್ಟು ಹೊತ್ತು ಬಿಡುವುದೇ ಸಾಕು.

ಮನೆಯಲ್ಲಿ ಆಮ್ಲಜನಕದ ಮೇಲಿದ್ದವರಿಗೆ ವೈದ್ಯರ ಒಪ್ಪಿಗೆಯ ಮೇಲೆ ಅರ್ಧರ್ಧ ಲೀಟರ್ ಇಳಿಸಿ, ಅರ್ಧ ಗಂಟೆ ಕಾದು ನೋಡಿದೆವು. ನಡಿಗೆ ಮತ್ತು ಸ್ನಾನದ ಹೊತ್ತಿನದನ್ನು ಕೊನೆಗೆ ಬಿಡಿಸಬೇಕು. ಮನೆಗಳಲ್ಲಿ ನಡೆಯುತ್ತಿದ್ದದ್ದು ಇದರ ತಿರುಗುಮುರುಗು: ಮಂಚದಲ್ಲಿ ಮಲಗಿದಾಗ ಆಮ್ಲಜನಕ ಇರುತ್ತಿತ್ತು, ಬಚ್ಚಲಿಗೆ ಹೋಗುವಾಗ ಕೊಳವೆ ತೆಗೆದಿಡುತ್ತಿದ್ದರು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸನ್‌ಟ್ರೇಟರ್ ಯಂತ್ರದ ಧೂಳಿನ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯದಿದ್ದರೂ, ನೀರಿನ ಬಾಟಲಿಯ ಮುಚ್ಚಳ ಸಡಿಲಾದರೂ ರೋಗಿಗೆ ಸರಿಯಾಗಿ ಗಾಳಿ ಸಿಗುವುದಿಲ್ಲ. ಗುಳ್ಳೆ ಏಳುತ್ತಿಲ್ಲವಾದರೆ ಮೊದಲು ಆ ಮುಚ್ಚಳ ನೋಡಿ.

ಇನ್ನು ಮರುದಿನದ ಪ್ರಶ್ನೆ. ‘ಅಮ್ಮಾ, ಮೊನ್ನೆ ಇಲ್ಲಿಂದ ಹೋದ ಮೇಲೆ ಹೇಗಿದ್ರಿ? ನಿನ್ನೆ?’ ಎಂದು ಪ್ರತಿ ಭೇಟಿಯಲ್ಲೂ ಕೇಳಲೇಬೇಕು. ಸ್ನಾಯು ಸೊರಗಿದವರಿಗೆ ವ್ಯಾಯಾಮದ ಮರುದಿನ ತೊಡೆ ನೋಯುತ್ತದೆ, ಅಷ್ಟೇ. ವಾರದಿಂದ ವಾರಕ್ಕೆ ಸುಧಾರಿಸುತ್ತಾರೆ. ಇನ್ನೊಂದು ಗುಂಪಿದೆ. ಇವರು ನಮ್ಮೆದುರು ಚೆನ್ನಾಗಿಯೇ ಮಾಡುತ್ತಾರೆ. 12ರಿಂದ 48 ಗಂಟೆಗಳ ನಂತರ ಕುಸಿಯುತ್ತಾರೆ. ಜ್ವರ ಬಂದಂಥ ಮೈಕೈ ನೋವು, ತಲೆ ಮಂಕು, ನಿದ್ದೆ ಮಾಡಿದರೂ ಹೋಗದ ಸುಸ್ತು. ಇವರಿಗೆ ‘ದಿನಾ ಸ್ವಲ್ಪ ಜಾಸ್ತಿ ನಡೀರಿ’ ಎನ್ನುವ ಸಲಹೆ ವಿಷ. ವ್ಯಾಯಾಮ ನಿಲ್ಲಿಸಿ, ಎರಡು ವಾರದ ದಿನಚರಿ ಬರೆಸಿದೆವು: ಏನು ಮಾಡಿದಿರಿ, ಎಷ್ಟು ಹೊತ್ತು, ಮಾರನೆಯ ದಿನ ಹೇಗಿತ್ತು. ಬೀಳುವ ಮಟ್ಟ ಅದರಲ್ಲಿ ಕಾಣಿಸುತ್ತದೆ. 20 ನಿಮಿಷ ನಿಂತು ಅಡುಗೆ ಮಾಡಿದರೆ ಕುಸಿಯುವವರು 10 ನಿಮಿಷಕ್ಕೇ ಕೂರಬೇಕು, ಸುಸ್ತಾಗುವ ಮೊದಲೇ. ತರಕಾರಿ ಹೆಚ್ಚುವುದು ಕೂತು, ಸ್ನಾನ ಸ್ಟೂಲಿನ ಮೇಲೆ, ಬಟ್ಟೆ ಒಗೆದ ದಿನ ಬೇರೆ ಕೆಲಸವಿಲ್ಲ. ಮಾತು, ಫೋನು, ಲೆಕ್ಕಪತ್ರವೂ ಶ್ರಮವೇ. ಚೆನ್ನಾಗಿದೆ ಎನಿಸಿದ ದಿನ ಬಾಕಿ ಕೆಲಸವೆಲ್ಲ ಮುಗಿಸಿಬಿಡುವುದೇ ಮತ್ತೆ ಬೀಳಲು ದೊಡ್ಡ ಕಾರಣ. ಈ ಗುಂಪಿನವರನ್ನು ಸೋಮಾರಿಗಳೆಂದು ಮನೆಯಲ್ಲಿ ಚುಚ್ಚುವುದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತಿತ್ತು. ಅದಕ್ಕೇ ಎರಡನೇ ಭೇಟಿಗೆ ಮನೆಯ ಒಬ್ಬರಾದರೂ ಬರಲೇಬೇಕೆಂದು ಪಟ್ಟುಹಿಡಿದೆವು.

ಎದ್ದು ನಿಂತ ಹತ್ತು ನಿಮಿಷದೊಳಗೆ ನಾಡಿ ಮೊದಲಿಗಿಂತ ನಿಮಿಷಕ್ಕೆ 30 ಬಡಿತಕ್ಕೂ ಹೆಚ್ಚು ಏರಿ ಹಾಗೇ ಉಳಿದರೆ ಅದನ್ನೂ ಬರೆದು ವೈದ್ಯರಿಗೆ ಕಳಿಸಿದೆವು.

ಕೆಲವು ಚಿಹ್ನೆಗಳಿಗೆ ವ್ಯಾಯಾಮ ಮದ್ದಲ್ಲ. ಸ್ಟೀರಾಯ್ಡ್ ಪಡೆದವರಿಗೆ ತಿಂಗಳುಗಳ ನಂತರ ತೊಡೆಸಂದಿನಲ್ಲಿ ನೋವು ಬಂದು, ಚಕ್ಕಳಮಕ್ಕಳ ಹಾಕಲು ಕಷ್ಟವಾದರೆ ಸೊಂಟದ ಕೀಲಿನ ಮೂಳೆಗೆ ರಕ್ತ ಸಾಲದಾಗಿರಬಹುದು. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣುತ್ತದೆ, ಎಂಆರ್‌ಐನಲ್ಲಿ ಸಿಗುತ್ತದೆ. ವೆಂಟಿಲೇಟರ್ ಕೊಳವೆ ಹಾಕಿಸಿಕೊಂಡಿದ್ದವರಿಗೆ ವಾರಗಳ ನಂತರ ಉಸಿರು ಎಳೆಯುವಾಗ ಗೊರ್ರೆಂಬ ಸದ್ದು ಬಂದರೆ ಆಸ್ತಮಾ ಎಂದು ಪಂಪ್ ಕೊಟ್ಟು ಕೂರಬಾರದು. ಶ್ವಾಸನಾಳ ಕಿರಿದಾಗಿರಬಹುದು, ಇಎನ್‌ಟಿ ವೈದ್ಯರು ಕೂಡಲೇ ನೋಡಬೇಕು. ಬೋರಲು ಮಲಗಿಸಿದ್ದವರಲ್ಲಿ ಭುಜ ಎತ್ತಲಾಗದಿರುವುದು, ತುಂಬ ದಿನ ಮಲಗಿದವರಲ್ಲಿ ಪಾದ ಜೋಲುವುದು ನರದ ಪೆಟ್ಟಿನ ಗುರುತು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು.

ಐಸಿಯುನ ಬೀಪ್ ಸದ್ದು ಕನಸಲ್ಲಿ ಕೇಳಿ ಬೆಚ್ಚಿ ಏಳುವವರಿಗೆ ನಿದ್ದೆಯ ಬಗ್ಗೆ ನೇರವಾಗಿ ಕೇಳಿದೆವು. ಕೇಳದೆ ಯಾರೂ ಹೇಳುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಶುರುವಾದ ಮೇಲೆ 14416 ಸಂಖ್ಯೆಯನ್ನು ವ್ಯಾಯಾಮದ ಚೀಟಿಯ ಮೇಲೇ ಬರೆದುಕೊಟ್ಟೆವು.

ಹನ್ನೆರಡು ತಿಂಗಳಾದರೂ ನಡಿಗೆಯ ದೂರ ಹೆಚ್ಚದವರಿಗೆ ಅದೇ ವ್ಯಾಯಾಮವನ್ನು ಮುಂದುವರಿಸುತ್ತಾ ಹೋಗಲಿಲ್ಲ. ಕೆಲಸವನ್ನೇ ಬದಲಿಸಲು ಕೂತು ಮಾತಾಡಿದೆವು. ಬೆಳಗಿನ ತಂಪಿನಲ್ಲಿ ಎರಡು ಗಂಟೆ ಹೊಲ, ಮಧ್ಯಾಹ್ನ ಮಲಗುವುದು. ಬಿಂದಿಗೆಯ ಬದಲು ಅರ್ಧ ತುಂಬಿದ ಎರಡು ಸಣ್ಣ ಕ್ಯಾನು, ಒಂದೊಂದು ಕೈಗೆ ಒಂದೊಂದು. ಕಕ್ಕಸಿನ ಗೋಡೆಗೆ ನೆಲದಿಂದ ಸುಮಾರು 70 ಸೆಂ.ಮೀ. ಎತ್ತರದಲ್ಲಿ ಒಂದು ಕಬ್ಬಿಣದ ಹಿಡಿಕೆ. ಹಿಡಿಕೆ ಹಾಕಿಸುವ ಮುನ್ನ ರೋಗಿಯನ್ನೇ ಕುಕ್ಕರಗಾಲಲ್ಲಿ ಕೂರಿಸಿ ಕೈ ಎಲ್ಲಿಗೆ ಎಟಕುತ್ತದೆಂದು ಗುರುತು ಹಾಕಿಕೊಳ್ಳಿ.