ಒಂದು ಹೊಂಗೆ ಮರ, ಒಂದು ಗೋಡೆ ಕ್ಯಾಲೆಂಡರ್: ಕಾಲ ಬದಲಾಗುವುದನ್ನು ನಾನು ನೋಡುವ ರೀತಿ

ಬೆಂಗಳೂರಿನಲ್ಲಿ ವರ್ಷವಿಡೀ ಒಂದೇ ಹವೆ, ಕಾಲ ಬದಲಾಗುವುದೇ ಗೊತ್ತಾಗುವುದಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಮರ ನೋಡದಿದ್ದರೆ ಗೊತ್ತಾಗುವುದಿಲ್ಲ, ನಿಜ. ಅದಕ್ಕೆ ಕಾಡಿಗೇನೂ ಹೋಗಬೇಕಿಲ್ಲ. ದಿನಾ ಹಾಲು ತರಲು ಹೋಗುವ ದಾರಿಯಲ್ಲಿ ಒಂದು ಹೊಂಗೆ ಮರ ಇದ್ದರೆ ಸಾಕು.

ನನ್ನದು ಜಯನಗರದ ಒಂದು ಅಡ್ಡರಸ್ತೆಯ ಮರ. ಕೆಳಗೆ ಇಸ್ತ್ರಿ ಗಾಡಿ ನಿಂತಿರುತ್ತದೆ. ಕಂಡದ್ದನ್ನು ಅಡುಗೆಮನೆಯಲ್ಲಿ ತೂಗುಹಾಕಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲೇ ಗೀಚುತ್ತೇನೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಅದರ ಪಕ್ಕದಲ್ಲೇ "ಹೊಂಗೆ ಚಿಗುರು". ವರ್ಷ ಮುಗಿದ ಮೇಲೆ ಕ್ಯಾಲೆಂಡರ್ ಎಸೆಯದೆ ಸುತ್ತಿ ಅಟ್ಟಕ್ಕೆ ಹಾಕುತ್ತೇನೆ.

ಚಳಿ ಇಳಿಯುವ ಹೊತ್ತಿಗೆ ಹೊಂಗೆ ಎಲೆ ಹಳದಿಯಾಗಿ ಉದುರಲು ಶುರು. ಇಸ್ತ್ರಿಯಮ್ಮ ಬೆಳಗ್ಗೆ ಗುಡಿಸಿ, ಮಧ್ಯಾಹ್ನ ಮತ್ತೆ ಗುಡಿಸಿ, ಮರಕ್ಕೆ ಬೈಯತೊಡಗಿದರೆ ಸ್ವೆಟರ್ ಒಳಗಿಡಬಹುದು ಅಂತ ನನ್ನ ಲೆಕ್ಕ. ಆಮೇಲೆ ಎಳೇ ಹಸಿರು ಚಿಗುರು ಬಂದು, ಯುಗಾದಿ ಹೊತ್ತಿಗೆ ನೆರಳು ತುಂಬಿರುತ್ತದೆ. ಅದರ ಹಿಂದೆಯೇ ಹೂವು, ಫುಟ್‌ಪಾತ್ ಮೇಲೆ ಕಡಲೆಪುರಿ ಚೆಲ್ಲಿದ ಹಾಗೆ.

ಇದರಲ್ಲಿ ನನಗೆ ತುಂಬಾ ವಿಚಿತ್ರ ಅನ್ನಿಸಿದ್ದು ಚಿಗುರುವ ಸಮಯ. ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ, ಮಳೆಯ ಸುಳಿವೇ ಇಲ್ಲ, ಆಗಲೇ ಹೊಸ ಎಲೆ! ಮುದುಮಲೈ ಕಾಡಿನ ಮರಗಳ ಮೇಲೆ ನಡೆದ ಒಂದು ಅಧ್ಯಯನ ಓದಿದ ಮೇಲೆ ಸ್ವಲ್ಪ ಅರ್ಥವಾಯಿತು. ಮಳೆ ಬಂದರೆ ಎಲೆ ತಿನ್ನುವ ಹುಳಗಳೂ ಜಾಸ್ತಿ, ಅದಕ್ಕೆ ಮೊದಲೇ ಚಿಗುರಿದ ಮರದ ಎಲೆಗೆ ಹುಳದ ಕಾಟ ಕಡಿಮೆ. ಹೊಂಗೆಗೂ ಇದೇ ಕಾರಣ ಇರಬಹುದು ಅಂತ ನನ್ನ ಊಹೆ.

ನೋಡ್ತಾ ನೋಡ್ತಾ ನಾನು ಸೂಚನೆಗಳನ್ನು ಎರಡು ಗುಂಪು ಮಾಡಿಕೊಂಡೆ. ಒಂದು ಬಿಸಿಲನ್ನು, ಅಂದರೆ ಹಗಲಿನ ಉದ್ದವನ್ನು ನಂಬಿದವು. ಇನ್ನೊಂದು ಮಳೆಯನ್ನು ನಂಬಿದವು. ಮೊದಲನೆಯವು ವರ್ಷ ವರ್ಷವೂ ಹೆಚ್ಚೂಕಮ್ಮಿ ಅದೇ ವಾರಕ್ಕೆ ಬರುತ್ತವೆ. ಬೂದು ಸಿಪಿಲೆ ಹಕ್ಕಿಯನ್ನೇ ತೆಗೆದುಕೊಳ್ಳಿ. ಹಿಮಾಲಯದ ಕಡೆಯಿಂದ ಬರುವ, ಹಳದಿ ಹೊಟ್ಟೆಯ, ಒಂದೇ ಸಮನೆ ಬಾಲ ಆಡಿಸುವ ಹಕ್ಕಿ. ಸೆಪ್ಟೆಂಬರಿನಲ್ಲಿ ಪಾರ್ಕಿನ ಚರಂಡಿ ಪಕ್ಕ ಅದು ಕಂಡರೆ, ಇಲ್ಲಿ ಇನ್ನೂ ಮಳೆ ಸುರಿಯುತ್ತಿದ್ದರೂ, ಉತ್ತರದಲ್ಲಿ ಚಳಿಗಾಲದ ತಯಾರಿ ಶುರುವಾಗಿದೆ ಅಂತಲೇ.

ಮಳೆಯ ಗುಂಪು ಹಾಗಲ್ಲ. ಟ್ಯೂಬ್‌ಲೈಟಿಗೆ ಮುತ್ತುವ ಈಸಲು ಹುಳ ಒಂದು ವರ್ಷ ಏಪ್ರಿಲ್‌ನಲ್ಲೇ ಬರುತ್ತದೆ, ಇನ್ನೊಂದು ವರ್ಷ ಜೂನ್ ತನಕ ಸತಾಯಿಸುತ್ತದೆ. ಕಾಫಿ ಗಿಡವೂ ಇದೇ ಗುಂಪಿನದು. ಮೂಡಿಗೆರೆ ಕಡೆ ಇರುವ ದೊಡ್ಡಮ್ಮ ಫೋನ್ ಮಾಡಿದರೆ ಫೆಬ್ರವರಿ, ಮಾರ್ಚ್‌ನಲ್ಲಿ ಮಾತೆಲ್ಲ ಹೂಮಳೆಯದ್ದೇ. ಮೊಗ್ಗು ಗಿಡದಲ್ಲಿ ಸುಮ್ನೆ ಮಲಗಿರುತ್ತದೆ. ಒಂದು ಒಳ್ಳೆ ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗೆ. ಮಳೆ ಆಗದಿದ್ದರೆ ಸ್ಪ್ರಿಂಕ್ಲರ್ ಹಾಕಿ ಅರಳಿಸುತ್ತಾರೆ, ಆಗ ಅದು ಕಾಲದ ಸೂಚನೆಯಲ್ಲ, ಡೀಸೆಲ್ ಖರ್ಚಿನ ಸೂಚನೆ!

ನಮ್ಮ ಹಿರಿಯರ ಮಳೆ ನಕ್ಷತ್ರಗಳು ಮೊದಲನೇ ಗುಂಪಿಗೆ ಸೇರುತ್ತವೆ. ರೋಹಿಣಿ, ಮೃಗಶಿರ, ಆರಿದ್ರಾ ಎಲ್ಲ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನುವ ಲೆಕ್ಕ, ಒಂದೊಂದಕ್ಕೆ 13 ಅಥವಾ 14 ದಿನ. ಅದಕ್ಕೇ ಮೃಗಶಿರ ಮಳೆ ಯಾವಾಗಲೂ ಜೂನ್ 7 ಅಥವಾ 8ರ ಸುಮಾರಿಗೇ ಹುಟ್ಟುತ್ತದೆ. ಸೂರ್ಯ ಎಲ್ಲಿದ್ದಾನೆ ಅಂತ ಪಂಚಾಂಗ ಸರಿಯಾಗೇ ಹೇಳುತ್ತದೆ. ಮೋಡ ಎಲ್ಲಿದೆ ಅಂತ ತಿಳಿಯಬೇಕಾದರೆ ಹೊರಗೆ ಬಂದು ನೋಡಬೇಕು. ನಾನು ಎರಡನ್ನೂ ಕ್ಯಾಲೆಂಡರಿನಲ್ಲಿ ಪಕ್ಕಪಕ್ಕ ಬರೆಯುತ್ತೇನೆ. ಮೃಗಶಿರ ಹುಟ್ಟಿದ್ದು ಯಾವತ್ತು, ನಮ್ಮ ಬೀದಿಯಲ್ಲಿ ಮಣ್ಣು ನೆನೆದದ್ದು ಯಾವತ್ತು. ನಡುವಿನ ಅಂತರ ನೋಡುವುದರಲ್ಲೇ ಮಜಾ ಇರುವುದು.

ಕೋಗಿಲೆ ಬಗ್ಗೆಯೂ ಹೇಳಬೇಕು. ವಸಂತದಲ್ಲಿ ಎಲ್ಲಿಂದಲೋ ಬರುತ್ತದೆ ಅಂದುಕೊಂಡವರು ಬಹಳ. ಅದು ವರ್ಷಪೂರ್ತಿ ಇಲ್ಲೇ ಇರುತ್ತದೆ, ಬಾಯಿ ಬಿಡುವುದಿಲ್ಲ ಅಷ್ಟೇ. ಕಾಗೆ ಗೂಡು ಕಟ್ಟುವ ಕಾಲ ಹತ್ತಿರ ಬಂದಾಗ, ಅದರಲ್ಲಿ ತನ್ನ ಮೊಟ್ಟೆ ಇಡಬೇಕಲ್ಲ, ಬೆಳಗಿನ ಜಾವದಿಂದಲೇ ಕೂಗಾಟ ಶುರು.

ನಾನು ಅಷ್ಟಾಗಿ ನಂಬದ ಮರ ಅಂದರೆ ಎಲ್ಲರೂ ಫೋಟೊ ಹಾಕುವ ಗುಲಾಬಿ ಟಬೇಬುಯ. ಚೆಂದವೇನೋ ಹೌದು. ಆದರೆ ನವೆಂಬರಿನಲ್ಲೂ ಅರಳುತ್ತದೆ, ಹೊಸ ವರ್ಷ ಆದಮೇಲೂ ಅರಳುತ್ತದೆ. ಅಷ್ಟಕ್ಕೂ ಇಲ್ಲಿನ ಹೂವಿನ ಸರದಿಯಲ್ಲಿ ಮನುಷ್ಯರ ಕೈಯೂ ಇದೆ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳಲಿ ಅಂತ ಯೋಚಿಸಿ ರಸ್ತೆಬದಿ ಮರ ನೆಡಿಸಿದವರು. ಹಾಗಾಗಿ ಊರಿನ ಮರ ಬೇಕು ಅಂತ ನಾನು ಹೊಂಗೆ, ಬೇವು ಹಿಡಿದೆ.

ಶುರು ಮಾಡುವವರಿಗೆ ಒಂದೆರಡು ಮಾತು. ವಾರಕ್ಕೊಮ್ಮೆ ನೋಡಿದರೆ ಸಾಕು, ಅದೇ ಮರ, ಸಾಧ್ಯವಾದರೆ ವಾರದ ಅದೇ ದಿನ. ಚಿಗುರು, ಬಲಿತ ಎಲೆ, ಹೂವು, ಕಾಯಿ, ಪ್ರತಿಯೊಂದಕ್ಕೂ "ಇಲ್ಲ", "ಸ್ವಲ್ಪ", "ತುಂಬಾ" ಅಂತ ಮೂರೇ ಗುರುತು. ಸೀಸನ್‌ವಾಚ್ ಅನ್ನುವ ಯೋಜನೆಯಲ್ಲಿ ದೇಶದ ತುಂಬಾ ಜನ ಹೆಚ್ಚೂಕಮ್ಮಿ ಹೀಗೇ ಬರೆದು ಕಳಿಸುತ್ತಾರೆ, ನೀವೂ ಸೇರಬಹುದು. ಕರೆಂಟ್ ತಂತಿಗೆ ತಾಗುತ್ತದೆ ಅಂತ ಯಾರಾದರೂ ಕೊಂಬೆ ಕಡಿದರೆ ಆ ತಾರೀಖನ್ನು ತಪ್ಪದೆ ಬರೆದಿಡಿ. ಕಡಿದ ಕೊಂಬೆ ಆಗಸ್ಟಿನಲ್ಲೂ ಎಳೇ ಹಸಿರು ಬಿಡುತ್ತದೆ, ಅದನ್ನು ವಸಂತದ ಲೆಕ್ಕಕ್ಕೆ ಸೇರಿಸಬಾರದು.